ಸಫಿಯಾ ಕೆಮ್ಮಬಾರದು

ದೆಹಲಿಯ ಫ್ಲ್ಯಾಟುಗಳಿಗೆ ಎರಡೆರಡು ಬಾಗಿಲು. ಹೊರಗೆ ಕಬ್ಬಿಣದ ಜಾಲರಿಯದು, ಒಳಗೆ ಮರದ್ದು. ಎರಡಕ್ಕೂ ಚಿಲಕ, ಚಿಲಕಕ್ಕೆ ಬೀಗ, ಬೀಗದ ಮೇಲೂ ನಂಬಿಕೆಯಿಲ್ಲದೆ ಒಂದು ಸರಪಳಿ. ಅಲ್ಲಿನ ದ್ವಾರಕೆ ಬಡಾವಣೆಯ ನಮ್ಮ ಸೊಸೈಟಿಯಲ್ಲಿ ಎರಡನೇ ಮಹಡಿಯ ಮುನೀರಾ ಆಪಾ ಮಾತ್ರ ಬೆಳಿಗ್ಗೆ ಎದ್ದವರೇ ಎರಡೂ ಬಾಗಿಲು ತೆರೆದು, ಗಾಳಿಗೆ ಬಡಿದುಕೊಳ್ಳದಂತೆ ಒಂದಕ್ಕೆ ಇಟ್ಟಿಗೆಯನ್ನೂ ಇನ್ನೊಂದಕ್ಕೆ ಊರಿಂದ ತಂದಿದ್ದ ರುಬ್ಬುಗುಂಡನ್ನೂ ಒತ್ತಿಡುತ್ತಿದ್ದರು. ಕತ್ತಲಾಗುವವರೆಗೆ ಅವು ಹಾಗೇ ಇರುತ್ತಿದ್ದವು. ಮೇ ತಿಂಗಳ ಧೂಳು, ಜನವರಿಯ ಮಂಜು, ನಾಲ್ಕನೇ ಮಹಡಿಯವರ ಬೆಕ್ಕು, ಎಲ್ಲಕ್ಕೂ ಅಲ್ಲಿ ಪ್ರವೇಶವಿತ್ತು. ಸೊಸೈಟಿಯ ಸೆಕ್ರೆಟರಿ ಎರಡು ಸಲ ಬಂದು ಕಳ್ಳಕಾಕರ ವಿಷಯ ಹೇಳಿ ಹೋದರು. ಆಪಾ ಅವರಿಗೆ ಚಹಾ ಕೊಟ್ಟು ಕಳಿಸಿದರು, ಬಾಗಿಲು ಮುಚ್ಚಲಿಲ್ಲ.

ಆ ಬಾಗಿಲಿನಿಂದಲೇ ನನಗೆ ಅವರು ಸಿಕ್ಕಿದ್ದು. ನನ್ನ ಗಂಡ ತಮ್ಮ ಸೋದರಮಾವನ ಹೋಟೆಲು ನೋಡಿಕೊಳ್ಳಲೆಂದು ನಾವು ಕುಂದಾಪುರದಿಂದ ಬಂದ ಹೊಸತು. ಮೆಟ್ರೋ ಕೂಡ ದ್ವಾರಕೆಗೆ ಹೊಸತು. ಮೂರನೇ ಮಹಡಿಯ ನಮ್ಮ ಮನೆಗೆ ಮೆಟ್ಟಿಲು ಹತ್ತುತ್ತ ಮಗಳನ್ನು ಕನ್ನಡದಲ್ಲಿ ಗದರಿಸುತ್ತಿದ್ದಾಗ ಒಳಗಿನಿಂದ ದನಿ ಬಂತು. "ಬೈಯೋದು ಕೇಳಿ ಭಾಳ ದಿನ ಆಗಿತ್ತು. ಯಾವೂರವಾ ನಿಮ್ದು?"

ಅರವತ್ತು ದಾಟಿದ್ದ, ಸಣ್ಣ ಮೈಕಟ್ಟಿನ, ದಪ್ಪ ಕನ್ನಡಕದ ಹೆಂಗಸು. ಬಲಗೈ ತೋರುಬೆರಳಿನಲ್ಲಿ ತೊಳೆದರೂ ಹೋಗದ ಶಾಯಿಯ ಕಲೆ. ಸವಣೂರಿನವರು. ಎಲ್ಲರಿಗೂ ಆಪಾ, ಅಂದರೆ ಅಕ್ಕ. ಕನ್ನಡ ಶಾಲೆಯಲ್ಲಿ ಓದಿ, ಉರ್ದುವನ್ನು ತಂದೆಯಿಂದ ಕಲಿತು, ರೈಲ್ವೆ ಗುಮಾಸ್ತರನ್ನು ಮದುವೆಯಾಗಿ ದೆಹಲಿಗೆ ಬಂದವರು. ಗಂಡ ತೀರಿಕೊಂಡಿದ್ದರು. ಒಬ್ಬನೇ ಮಗ ಗ್ರೇಟರ್ ನೋಯ್ಡಾದ ಕಾಲೇಜೊಂದರಲ್ಲಿ ಮೇಷ್ಟ್ರು. ಆಪಾ ಉರ್ದು ಮಾಸಪತ್ರಿಕೆಯೊಂದಕ್ಕೆ ಧಾರಾವಾಹಿ ಕಾದಂಬರಿ ಬರೆಯುತ್ತಿದ್ದರು. ನನಗೆ ಉರ್ದು ಅಕ್ಷರ ಒಂದೂ ಬಾರದು. ಆದರೂ ಆ ಕಾದಂಬರಿಯ ಮೊದಲ ಓದುಗಿ ನಾನೇ, ಅಥವಾ ಮೊದಲ ಕೇಳುಗಿ.

ಅವರು ಬರೆಯುವ ಕ್ರಮವೇ ಹಾಗಿತ್ತು. ಪ್ರತಿ ಕಂತನ್ನೂ ಮೊದಲು ಬಾಯಲ್ಲಿ ಕನ್ನಡದಲ್ಲಿ ಹೇಳಬೇಕು, ಆಮೇಲೆ ಉರ್ದುವಿನಲ್ಲಿ ಬರೆಯಬೇಕು. ನಾನು ಬರುವ ಮೊದಲು ಗೋಡೆಗೆ ಹೇಳುತ್ತಿದ್ದರಂತೆ. ನಡುವೆ ಪೇಪರು ಹಾಸಿ ಮೆಂತ್ಯದ ಸೊಪ್ಪು ಸುರುವಿಕೊಂಡು ನಾವಿಬ್ಬರೂ ಬಿಡಿಸುತ್ತ ಕೂತರೆ ಕಥೆ ಶುರು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಹೇಳಿದರು, "ನನ್ನ ಉರ್ದು ಜರಿ ಸೀರಿ ಇದ್ದಂಗವಾ. ಹರಿದದ್ದೂ ಛಂದ ಕಾಣ್ತದ. ಕನ್ನಡದಾಗ ಹೇಳಿದ್ರ ನನ್ನ ಸುಳ್ಳು ನನಗ ತಿಳೀತದ."

ಕಾದಂಬರಿಯ ನಾಯಕಿ ಸಫಿಯಾ. ಗಂಡನನ್ನೂ ಪುಟ್ಟ ಮಗಳನ್ನೂ ಬಿಟ್ಟು ಇನ್ನೊಬ್ಬನ ಜೊತೆ ಹೋದವಳು. ಅವನು ಕೈಬಿಟ್ಟ ಮೇಲೆ ಬೇರೆ ಊರಿನಲ್ಲಿ ಹೊಲಿಗೆ ಕಲಿತು, ಬಿದ್ದಲ್ಲಿಂದ ಒಬ್ಬಳೇ ಏಳುವವಳು. ಅವಳು ಮನೆ ಬಿಡುವ ಕಂತನ್ನು ಹೇಳುವಾಗ ಆಪಾ, ಅವಳ ಕಣ್ಣೀರು ಮುತ್ತಿನ ಹಾಗೆ ಉದುರಿತು ಎಂದು ಹೇಳಹೊರಟು ಅರ್ಧಕ್ಕೇ ನಿಲ್ಲಿಸಿದರು. ಕೈಯಲ್ಲಿ ಮೆಂತ್ಯದ ಕಡ್ಡಿ ಹಾಗೇ ಉಳಿಯಿತು. "ಇಲ್ಲ. ಆಕಿ ಅತ್ತಿಲ್ಲ. ಬಸ್ ತಪ್ಪೀತು ಅಂತ ಓಡಿದಳು. ಅಳೋದು ಆಮ್ಯಾಲ, ಬಸ್ಸಿನ್ಯಾಗ ಸೀಟು ಸಿಕ್ಕ ಮ್ಯಾಲ." ಪತ್ರಿಕೆಯಲ್ಲಿ ಹಾಗೆಯೇ ಅಚ್ಚಾಯಿತು. ಓದುಗರಿಗೆ ಸಿಟ್ಟು ಬಂತು, ಇಂಥವಳಿಗೆ ನಾಚಿಕೆಯೂ ಇಲ್ಲವೇ ಎಂದು ಕಾಗದಗಳು ಬಂದವು.

ಇಂಥ ಕಥೆಗಳಿಗೊಂದು ನಿಯಮವಿದೆ ಎಂದು ನನಗೆ ತಿಳಿದದ್ದು ಆಗ. ದಾರಿ ತಪ್ಪಿದ ಹೆಣ್ಣು ಮನೆಗೆ ಹಿಂದಿರುಗುವುದಾದರೆ ಕೆಮ್ಮುತ್ತ ಹಿಂದಿರುಗಬೇಕು. ಮೂರು ಕಂತು ಕೆಮ್ಮಿ, ನಾಲ್ಕನೆಯದರಲ್ಲಿ ಕರವಸ್ತ್ರದಲ್ಲಿ ರಕ್ತ ಕಂಡು, ಐದನೆಯದರಲ್ಲಿ ಎಲ್ಲರ ಕ್ಷಮೆ ಪಡೆದು ಕಣ್ಣು ಮುಚ್ಚಬೇಕು. ಸತ್ತವಳನ್ನು ಕ್ಷಮಿಸುವುದು ಸುಲಭ, ಅವಳಿಗೆ ಮತ್ತೆ ಅನ್ನ ಹಾಕಬೇಕಾಗಿಲ್ಲ. ಸಂಪಾದಕರು ಫೋನಿನಲ್ಲಿ ಮೆಲ್ಲಗೆ ಇದನ್ನೇ ಸೂಚಿಸುತ್ತಿದ್ದರು. ಆಪಾ ಫೋನಿಟ್ಟು ನನ್ನ ಕಡೆ ತಿರುಗಿ, "ಸಫಿಯಾ ಕೆಮ್ಮಂಗಿಲ್ಲ. ನಾ ಇರೋತನಕ ಆಕಿಗೆ ನೆಗಡೀನೂ ಬರಂಗಿಲ್ಲ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಕೊನೆಯ ಕಂತು ಬರೆಯುವ ಹೊತ್ತಿಗೆ ಅವರ ಕಣ್ಣು ಬಹಳ ಮಂದವಾಗಿತ್ತು. ಒಂದು ಪುಟಕ್ಕೆ ಒಂದು ದಿನ ಹಿಡಿಯುತ್ತಿತ್ತು. ಅದರಲ್ಲಿ ಸಫಿಯಾ ಗಟ್ಟಿಮುಟ್ಟಾಗಿ, ತಾನೇ ಹೊಲಿದ ಸಲವಾರ್ ತೊಟ್ಟು ಅಕ್ಕನ ಮನೆಗೆ ಬರುತ್ತಾಳೆ. ಅಕ್ಕ ಬಾಗಿಲು ತೆರೆದು ತಬ್ಬಿಕೊಂಡು ಅಳುತ್ತಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಅಂಚೆಯಲ್ಲಿ ಕಳೆದುಹೋದೀತೆಂದು ಹೆದರಿ, ದರಿಯಾಗಂಜಿನ ಪತ್ರಿಕೆ ಕಚೇರಿಗೆ ಕೈಯಾರೆ ಕೊಟ್ಟು ಬರಲು ಆಪಾ ನನ್ನನ್ನು ಕಳಿಸಿದರು.

ಸಂಪಾದಕರು ಒಳ್ಳೆಯ ಮನುಷ್ಯರೇ. ಕುಳ್ಳಿರಿಸಿ ಚಹಾ ತರಿಸಿದರು. ಹಾಳೆಗಳ ಮೇಲೆ ಕಣ್ಣಾಡಿಸಿ, ಕೊನೆಯನ್ನು ಸ್ವಲ್ಪ ಸರಿಮಾಡಬೇಕಾಗಬಹುದು, ಆಪಾ ಬೇಸರ ಮಾಡಿಕೊಳ್ಳುವುದಿಲ್ಲ ತಾನೇ ಎಂದು ಹಿಂದಿಯಲ್ಲಿ ಕೇಳಿದರು. ಶಾಲೆಯಿಂದ ಮಗಳು ಬರುವ ಹೊತ್ತಾಗಿತ್ತು. ನಾನು ಎದ್ದು ನಿಂತು, "ಆಪ್ ದೇಖ್ ಲೀಜಿಯೇ" ಎಂದೆ. ದೆಹಲಿಗೆ ಬಂದು ನಾನು ಕಲಿತ ಮೊದಲ ಮರ್ಯಾದೆಯ ಮಾತು ಅದು. ನಲ್ಲಿ ರಿಪೇರಿಯವನಿಗೂ, ಡಾಕ್ಟರಿಗೂ, ಮಗಳ ಟೀಚರಿಗೂ ಅದನ್ನೇ ಹೇಳುತ್ತಿದ್ದೆ, ನೀವೇ ನೋಡಿಕೊಳ್ಳಿ ಎಂದು. ಅವರು ತಲೆಯಾಡಿಸಿದರು. ನಾನು ಬಸ್ಸು ಹಿಡಿದೆ.

ಮುಂದಿನ ತಿಂಗಳು ಸಂಚಿಕೆ ಬಂದಾಗ ನಾನು ಆಪಾರ ಮನೆಯಲ್ಲೇ ಕೂತು ಹುರಳಿಕಾಯಿ ಹೆಚ್ಚುತ್ತಿದ್ದೆ. ಆಪಾ ಭೂತಗನ್ನಡಿ ಹಿಡಿದು, ಕಿಟಕಿಯ ಬೆಳಕಿಗೆ ಪುಟವನ್ನು ವಾಲಿಸಿ, ಸಾಲು ಸಾಲಾಗಿ ಓದಿದರು. ಓದಿ ಮುಗಿಸಿ ಪತ್ರಿಕೆಯನ್ನು ಮಡಿಚಿ ಮಂಚದ ಮೇಲಿಟ್ಟರು. "ಸಫಿಯಾ ಸತ್ತಳು" ಎಂದರು. ಪತ್ರಿಕೆಯ ಮೇಲೆ ಭೂತಗನ್ನಡಿ ಇಡುತ್ತ, "ಕೆಮ್ಮಿ ಸತ್ತಳು. ಅಕ್ಕನ ಹೊಸಲಿನ ಮ್ಯಾಲ" ಎಂದರು.

ನನ್ನ ಕೈಯಲ್ಲಿದ್ದ ಚಾಕು ನಿಂತಿತು. ನಾನು ಹೇಳಿದ ಮೂರು ಶಬ್ದ ಆಗ ನೆನಪಾಯಿತು. ಆದರೆ ಬಾಯಿ ಬಿಡಲಿಲ್ಲ. ಮಗಳ ನೆಪ ಹೇಳಿ ಎದ್ದು ಬಂದೆ. ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಅಂದಿನಿಂದ ನಾನು ಮೆಟ್ಟಿಲು ಬಿಟ್ಟು ಲಿಫ್ಟ್ ಹಿಡಿದೆ. ಮೆಟ್ಟಿಲಿನಲ್ಲಿ ಹೋದರೆ ಆ ತೆರೆದ ಬಾಗಿಲನ್ನು ದಾಟಬೇಕಲ್ಲ. ಇಪ್ಪತ್ತು ದಿನ, ಒಂದು ತಿಂಗಳು, ಎರಡು ತಿಂಗಳಾಯಿತು. "ಮಮ್ಮಾ, ಆಪಾ ಕೇ ಘರ್ ಯಾಕೆ ಹೋಗಲ್ಲ?" ಎಂದು ಮಗಳು ಕೇಳಿದರೆ ಏನೋ ಹೇಳಿ ಹಾರಿಸುತ್ತಿದ್ದೆ. ಜೂನಿನ ಒಂದು ಮಧ್ಯಾಹ್ನ ಕರೆಂಟು ಹೋಗಿ ಲಿಫ್ಟ್ ನಿಂತಿತು. ಎರಡೂ ಕೈಯಲ್ಲಿ ತರಕಾರಿ ಚೀಲ. ಸದ್ದಾಗದಂತೆ ಮೆಟ್ಟಿಲು ಹತ್ತಿದೆ. ಅವರು ಬಾಗಿಲಿಗೆ ಎದುರಾಗಿಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಣ್ಣಿಗಿಂತ ಹೆಚ್ಚಾಗಿ ಕಾಲಸಪ್ಪಳದಿಂದಲೇ ಗುರುತು ಹಿಡಿದಿರಬೇಕು.

"ಉಂಡೀಯೇನವಾ?" ಎಂದರು.

ಬೇರೇನೂ ಕೇಳಲಿಲ್ಲ. ನಾನು ಇಲ್ಲವೆಂದೆ. ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಬಡಿಸಿದರು. ಉಂಡು ಮುಗಿಸಿ, ಎಂಜಲು ಕೈಯಲ್ಲೇ ಎಲ್ಲ ಹೇಳಿಬಿಟ್ಟೆ. ಅವರು ನನ್ನ ತಟ್ಟೆ ಎತ್ತಿಕೊಂಡರು. "ಪತ್ರಿಕಿ ಬಂದ ದಿನಾನ ಗೊತ್ತಾತು. ಸಂಪಾದಕರಿಗೆ ಫೋನ್ ಮಾಡಿ ಕೇಳಿದ್ದೆ, ನಿಮ್ಮ ಹುಡುಗಿ ಒಪ್ಪಿದಳು ಅಂದ್ರು."

"ಮತ್ತೆ ನೀವು ನನ್ನನ್ನು ಒಂದು ಮಾತೂ ಕೇಳಲಿಲ್ಲವಲ್ಲ ಆಪಾ."

"ನೀನಾಗೇ ಬರೋ ತನಕ ಬಾಗಿಲು ತಗದಿಡೋದಷ್ಟ ನನ್ನ ಕೆಲಸ."

ಆಮೇಲೆ ಅವರು ಹೇಳಿದ್ದನ್ನು ಅವರ ಮಗನಿಗೂ ಹೇಳಿರಲಿಲ್ಲವಂತೆ. ಅವರಿಗೊಬ್ಬಳು ತಂಗಿಯಿದ್ದಳು, ರಜಿಯಾ. ಮದುವೆಯಾದ ಮೂರನೇ ವರ್ಷ ಗಂಡನನ್ನು ಬಿಟ್ಟು ಬೇರೊಬ್ಬನ ಜೊತೆ ಹೋದಳು. ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಕೈಯಲ್ಲಿ ಒಂದು ಟ್ರಂಕು ಹಿಡಿದು ದೆಹಲಿಯ ರೈಲ್ವೆ ಕ್ವಾರ್ಟರ್ಸಿಗೆ ಬಂದು ಬಾಗಿಲು ತಟ್ಟಿದಳು. ಕಿಟಕಿಯ ಸಂದಿಯಿಂದ ನೋಡಿದ ಆಪಾ ಬಾಗಿಲು ತೆರೆಯಲಿಲ್ಲ. ಅಕ್ಕತಂಗಿಯರು ಮನೆಯಲ್ಲಿ ಆಡುತ್ತಿದ್ದುದು ಉರ್ದು. ಆದರೆ ಅಕ್ಕಪಕ್ಕದವರಿಗೆ ಅರ್ಥವಾಗಬಾರದೆಂದು ಆವತ್ತು ಒಳಗಿನಿಂದ ಕನ್ನಡದಲ್ಲಿ ಹೇಳಿದರಂತೆ, "ಇಲ್ಲಿ ನಿನಗ ಅಕ್ಕ ಯಾರೂ ಇಲ್ಲ." ತಂಗಿ ಸ್ವಲ್ಪ ಹೊತ್ತು ಬಿಸಿಲಲ್ಲೇ ನಿಂತಿದ್ದಳು. ಹೋದಳು. ಆಮೇಲೆ ಎಲ್ಲಿ ವಿಚಾರಿಸಿದರೂ ಪತ್ತೆಯಾಗಲಿಲ್ಲ.

"ತಪ್ಪು ಮಾಡಿದಾಕಿ ರಜಿಯಾ ಅಂತ ಎಲ್ಲಾರೂ ಅಂದ್ರು. ಆಕಿ ತಪ್ಪು ಆಕಿ ಬಂದು ಬಾಗಿಲು ತಟ್ಟಿದಾಗನ ಮುಗೀತು. ನಂದು ಶುರು ಆತು" ಎಂದರು ಆಪಾ. "ಅಷ್ಟು ದೂರದಿಂದ ಬಿಸಿಲಾಗ ಬಂದಿದ್ಲು. ಉಂಡೀಯೇನ ಅಂತ ಕೇಳಲಿಲ್ಲ ನಾ."

ಕನ್ನಡದಲ್ಲಿ ಯಾಕೆ ಹೇಳಿಕೊಂಡು ಬರೆಯುತ್ತಿದ್ದರು ಎಂಬುದು ನನಗೆ ಆಗ ಅರ್ಥವಾಯಿತು. ಕಾದಂಬರಿಯ ಕೊನೆಯ ಕಂತಿನ ಇನ್ನೊಂದು ಪ್ರತಿ ಅವರ ಬಳಿ ಇರಲಿಲ್ಲ. ಮತ್ತೆ ಬರೆಯಲು ಕಣ್ಣಿಲ್ಲ. ಮಗಳ ಒಂದು ಖಾಲಿ ನೋಟ್‌ಬುಕ್ ತರಲು ಹೇಳಿದರು. "ನಿನ್ನ ಮಾತಿಂದ ಸತ್ತಾಳ. ನಿನ್ನ ಕೈಲೇ ಬದುಕಲಿ. ನಾ ಹೇಳಿದ್ದು ನಿನಗ ನೆಪ್ಪದ ಅಲ್ಲ, ಕನ್ನಡದಾಗ ಬರಿ." ಆ ಬೇಸಿಗೆಯಿಡೀ ಕೂತು ಬರೆದೆ. ನಾನು ಬರೆದ ಮೊದಲ ಬರಹ ಅದು. ಅದಾದ ಮೇಲೆ ಆಪಾ ಒಂದು ಮಾತಿನಿಂದಲೂ ನನ್ನನ್ನು ಚುಚ್ಚಲಿಲ್ಲ. ಅಷ್ಟು ದೊಡ್ಡ ಮನಸ್ಸನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಮರುವರ್ಷ ಕಣ್ಣು ಪೂರ್ತಿ ಹೋದ ಮೇಲೆ ಮಗ ಬಂದು ಗ್ರೇಟರ್ ನೋಯ್ಡಾಕ್ಕೆ ಕರೆದುಕೊಂಡು ಹೋದ. ಇಟ್ಟಿಗೆ ಇಲ್ಲೇ ಉಳಿಯಿತು, ರುಬ್ಬುಗುಂಡನ್ನು ಮಡಿಲಲ್ಲಿಟ್ಟುಕೊಂಡೇ ಕಾರು ಹತ್ತಿದರು. ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ಅದಕ್ಕೆ ಮೂರು ವಾರ ಮುಂಚೆ ನಾನು ಹೋಗಿದ್ದೆ, ನೋಟ್‌ಬುಕ್ ತೆಗೆದುಕೊಂಡು ಬಾ ಎಂದು ಫೋನಿನಲ್ಲಿ ಹೇಳಿಸಿದ್ದರು.

ಹನ್ನೊಂದನೇ ಮಹಡಿ. ಕೆಳಗೆ ಗಾರ್ಡು ಹೆಸರು ಬರೆಸಿಕೊಂಡ, ಇಂಟರ್‌ಕಾಮಿನಲ್ಲಿ ಕೇಳಿದ, ಆಮೇಲೆ ಬಿಟ್ಟ. ಮೇಲೆ ಮುಚ್ಚಿದರೆ ತಾನೇ ಬೀಗ ಬೀಳುವ ಬಾಗಿಲು. ಸೊಸೆ ತೆರೆದು ಒಳಗೆ ಕರೆದಳು. ಒಳಕೋಣೆಯ ಬಾಗಿಲಿಗೆ ರುಬ್ಬುಗುಂಡು ಒತ್ತಿಟ್ಟು ಆಪಾ ಹಾಸಿಗೆಯಲ್ಲಿ ಕೂತಿದ್ದರು. ನಾನು ಪಕ್ಕದಲ್ಲಿ ಕೂತು ಓದಿದೆ. ಸಫಿಯಾ ಬೀದಿಗೆ ತಿರುಗಿದಳು, ಮನೆಯ ನಂಬರು ನೋಡಿದಳು, ಬಾಗಿಲು ತಟ್ಟಿದಳು. ಅಕ್ಕ ಬಾಗಿಲು ತೆರೆದು ಅವಳನ್ನು ಬಾಚಿ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ನಿಲ್ಲು" ಎಂದರು. "ತಬ್ಬಿಕೊಂಡಳು, ಅತ್ತಳು, ಅದು ಸುಳ್ಳು. ನಾನ ಹೇಳಿದ್ದು, ಆದರೂ ಸುಳ್ಳು. ಅಷ್ಟು ವರ್ಷ ಆದ ಮ್ಯಾಲ ಹಂಗ ತಬ್ಬಿಕೊಳ್ಳಾಕ ಧೈರ್ಯ ಬರಂಗಿಲ್ಲ. ಹೊಡದು ಹಾಕು."

ಆ ಸಾಲನ್ನು ಹೊಡೆದು ಹಾಕಿದೆ.

"ಅಕ್ಕ ಬಾಗಿಲು ತೆರೆದಳು. ಉಂಡೀಯೇನ ಅಂತ ಕೇಳಿದಳು. ಹಿಂಗ ಬರಿ."

ಬರೆದೆ. ಅವರು ಕಾಯುತ್ತಿದ್ದರು. ಪೆನ್ನಿನ ಸದ್ದು ನಿಂತದ್ದು ಅವರಿಗೆ ಕೇಳಿಸಿರಬೇಕು.

"ಅದಕ್ಕೆ ಸಫಿಯಾ ಏನಂದಳು ಆಪಾ?"

ಆಪಾ ಬಾಗಿಲ ಕಡೆಗೆ ಮುಖ ತಿರುಗಿಸಿದರು. "ನನಗ ಗೊತ್ತಿಲ್ಲವಾ. ಆಕಿ ಇನ್ನೂ ಹೇಳಿಲ್ಲ."