ಕಮಳಾಬಾಯಿಗಾಗಿ ಬದಲಿಸಿದ ಹಿಂದಿನ ಗೇರು

ಹುಮನಾಬಾದಿನ ಹೆದ್ದಾರಿ ಬದಿಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ನರಸಿಂಗನಿಗೂ ಎಲ್ಲರ ಹಾಗೆ ಎರಡು ಕಿವಿಗಳಿವೆ. ಎರಡೂ ಇಂಜಿನ್ನಿಗೆ ಮೀಸಲು. ಟ್ರ್ಯಾಕ್ಟರು ಇನ್ನೂ ಆಚೆ ಓಣಿಯಲ್ಲಿರುವಾಗಲೇ ಅದರ ಯಾವ ಬೇರಿಂಗು ಹೋಗಿದೆ ಎಂದು ಹೇಳಬಲ್ಲ. ಮನೆಯಲ್ಲಿ ಉಪ್ಪು ಮುಗಿದಿದೆ ಎಂದು ಹೆಂಡತಿ ಕಮಳಾಬಾಯಿ ಕೂಗಿದರೆ ಮಾತ್ರ ಅದು ಮೊದಲು ನೆರೆಮನೆಯವರಿಗೆ ಕೇಳಿಸಿ, ಅವರು ಬಂದು ಇವನಿಗೆ ತಿಳಿಸಬೇಕು.

ಇಂಥ ಮನುಷ್ಯನಿಗೆ ಒಂದು ಹುಚ್ಚು ಹತ್ತಿತು. ಎಲ್ಲೋ ಗುದ್ದಿಕೊಂಡು ಗುಜರಿ ಸೇರಿದ್ದ ದೊಡ್ಡ ಕಾರಿನಿಂದ ಟರ್ಬೊ ಇಂಜಿನ್ನನ್ನೂ, ಕ್ಲಚ್ಚಿಲ್ಲದ ಅದರ ಗೇರ್‌ಬಾಕ್ಸನ್ನೂ ತಂದು ತನ್ನ ಹಳೇ ಜೀಪಿನ ಹೊಟ್ಟೆಗೆ ತುರುಕಿದ. ಕ್ಲಚ್ಚಿನ ಜಾಗದಲ್ಲಿ ಎಣ್ಣೆ ತುಂಬಿದ ಒಂದು ದುಂಡನೆಯ ಕನ್ವರ್ಟರು. ಇಂಜಿನ್ನು ಎಣ್ಣೆಯನ್ನು ತಿರುಗಿಸುತ್ತದೆ, ಎಣ್ಣೆ ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ನರಸಿಂಗ ಅದಕ್ಕೆ ಪ್ರೀತಿಯಿಂದ ಡಬ್ಬಿ ಎಂದು ಹೆಸರಿಟ್ಟ. ಚಹಾ ಕುಡಿಯಲು ಬಂದವರನ್ನೂ ಬಿಡದೆ ಬಾನೆಟ್ಟು ಎತ್ತಿ ತೋರಿಸಿದ. ಊರೆಲ್ಲ ಭೇಷ್ ಎಂದಿತು. ಕಮಳಾಬಾಯಿ ಮಾತ್ರ ಒಮ್ಮೆ ಕೂತವಳು ಮತ್ತೆ ಆ ಜೀಪು ಹತ್ತಲಿಲ್ಲ.

"ಸಾಕಾಗ್ಯಾದ್ರಿ ನಿಮ್ಮ ಟರ್ಬೊ," ಎಂದಳು. "ಅದರ ಒದರಾಟದಾಗ ನಾ ಆಡಿದ ಮಾತು ನನಗೇ ಕೇಳಂಗಿಲ್ಲ. ಬಸ್ಸಿನ್ಯಾಗ ಆದ್ರ ಬಾಜೂ ಕುಂತಾಕಿ ಹೂಂ ಅಂತಾಳ."

ಮಾತಿಲ್ಲದ ಪ್ರಯಾಣ ಕಮಳಾಬಾಯಿಗೆ ಉಪವಾಸಕ್ಕಿಂತ ಕಷ್ಟ. ಕೊಡಂಬಲದ ತವರಿಗಾಗಲಿ, ಬೇಮಳಖೇಡದ ಮದುವೆಗಾಗಲಿ ಆಕೆ ಬಸ್ಸು ಹತ್ತಿಯೇ ಹೋದಳು. ನರಸಿಂಗ ಖಾಲಿ ಜೀಪಿನಲ್ಲಿ ಬಸ್ಸಿನ ಹಿಂದೆಯೇ ಹೋಗಿ, ಇಳಿಯುವ ಹೆಂಡತಿಯ ಚೀಲ ಹಿಡಿದುಕೊಳ್ಳುತ್ತಿದ್ದ. ನೋಡಿದವರು ನಗುತ್ತಿದ್ದರು. ಅವನೂ ನಗುತ್ತಿದ್ದ, ಆದರೆ ಒಳಗೆ ನೋವಿತ್ತು. ಗಾಡಿ ಕಟ್ಟಿದ್ದೇ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಾಡಬೇಕೆಂದು. ಅದನ್ನು ಬಾಯಿಬಿಟ್ಟು ಹೇಳುವ ಗಂಡಸೇ ಅವನು?

ಅಷ್ಟರಲ್ಲಿ ಬಸವಕಲ್ಯಾಣದಲ್ಲಿರುವ ಮಗಳು ಪ್ರಣಿತಾಳ ಕೂಸಿಗೆ ತೊಟ್ಟಿಲ ಕಾರ್ಯ ಗೊತ್ತಾಯಿತು. ಈ ಸಲ ಹೆಂಡತಿಯನ್ನು ಮುಂದಿನ ಸೀಟಿನಲ್ಲೇ ಕೂರಿಸಿಕೊಂಡು ಕಲ್ಯಾಣ ಮುಟ್ಟಬೇಕು ಎಂದು ನರಸಿಂಗ ಪಣ ತೊಟ್ಟ. ಗದ್ದಲಕ್ಕೆ ಕಾರಣ ಅವನಿಗೆ ಗೊತ್ತಿತ್ತು. ಜೀಪಿನ ಹಿಂದಿನ ಗೇರು, ಅಂದರೆ ಹಿಂಚಕ್ರಗಳ ನಡುವೆ ಕೂತು ಅವನ್ನು ತಿರುಗಿಸುವ ಗೇರು, ಭಾರ ಎಳೆಯಲೆಂದು ಮಾಡಿದ್ದು. ಚಕ್ರ ಒಂದು ಸುತ್ತು ಸುತ್ತುವಷ್ಟರಲ್ಲಿ ಇಂಜಿನ್ನು ಬಹಳ ಸಲ ತಿರುಗಬೇಕು. ಹೊಲದಲ್ಲಿ ಅದು ಗುಣ, ಹೆದ್ದಾರಿಯಲ್ಲಿ ಗೋಳು. ಅವನು ಆ ಗೇರಿನ ಕವಚ ಬಿಚ್ಚಿ, ಇಂಜಿನ್ನು ಕಡಿಮೆ ತಿರುಗಿದರೂ ಗಾಡಿ ಓಡುವಂಥ ಓಟದ ಗೇರಿನ ಜೋಡಿ ಕೂರಿಸಿದ. ಹೆದ್ದಾರಿಯಿಂದ ಕಲ್ಯಾಣದ ದಾರಿ ಒಡೆಯುವ ಸಸ್ತಾಪುರ ಬಂಗ್ಲಾದವರೆಗೆ ಒಬ್ಬನೇ ಓಡಿಸಿ ನೋಡಿದ. ಜೀಪು ಬೆಣ್ಣೆಯಂತೆ ಹೋಯಿತು. ಪಕ್ಕದ ಖಾಲಿ ಸೀಟಿಗೆ "ಕೇಳಾಕತ್ತದೇನು?" ಎಂದು ಮೆಲ್ಲಗೆ ಕೇಳಿಯೂ ನೋಡಿದ.

ಇಲ್ಲೇ ನೋಡಿ ನಮ್ಮ ಜಾಣ ಎಡವಿದ್ದು. ನಮ್ಮ ಕಡೆ ಸ್ವಂತ ಗಾಡಿ ಖಾಲಿ ಹೋದದ್ದನ್ನು ಯಾರು ಕಂಡಿದ್ದಾರೆ? ಮನೆ ಮುಂದೆ ಗಾಡಿ ನಿಂತರೆ ಸಾಕು, ಕಲ್ಯಾಣದಲ್ಲಿ ಕೆಲಸವಿರುವುದು ಹತ್ತು ಜನಕ್ಕೆ ನೆನಪಾಗುತ್ತದೆ. ಹುಟ್ಟಿದಾಗಿನಿಂದ ಇದನ್ನೇ ನೋಡಿದವನು, ಗೇರು ಹೊಂದಿಸುವಾಗ ಮಾತ್ರ ತಾನೊಬ್ಬನೇ ಈ ಲೋಕದಲ್ಲಿರುವವನಂತೆ ಹೊಂದಿಸಿದ.

ಕಾರ್ಯದ ದಿನ ಬೆಳಿಗ್ಗೆ ಮೊದಲು ಬಂದದ್ದು ತೊಟ್ಟಿಲು. ಅಜ್ಜಿಯ ಮನೆಯಿಂದ ಹೋಗುವ ತೇಗದ ತೊಟ್ಟಿಲು ಹಗುರ ಇದ್ದೀತೇ? ಅದು ಮೇಲೇರಿತು. ಜೋಳದ ಚೀಲ, ಪಾತ್ರೆಯ ಬುಟ್ಟಿ, ನರಸಿಂಗನ ತಂಗಿ ಗಯಾಬಾಯಿ, ಆಕೆಯ ಹಿಂದೆ ಕೊಡಂಬಲದ ಹಿರಿಯ ಹೆಂಗಸರ ಒಂದು ಹಿಂಡು.

"ಇಷ್ಟ ಮಂದಿನಾ?" ಎಂದ ನರಸಿಂಗ.

"ಜರಾ ತಡೀರಿ, ಹಾದ್ಯಾಗ ಇನ್ನ ಇಬ್ಬರು ಹತ್ತತಾರ," ಎಂದು ಕಮಳಾಬಾಯಿ ಸೆರಗು ಸರಿಮಾಡಿಕೊಂಡು ಮುಂದಿನ ಸೀಟಿನಲ್ಲಿ ಕೂತಳು.

ಆಕೆ ಕೂತದ್ದು ಕಂಡು ಅವನ ಅಳುಕೆಲ್ಲ ಹಾರಿಹೋಯಿತು. ಹೆದ್ದಾರಿ ಮುಟ್ಟಿದ ಮೇಲೆ ಜೀಪು ನಿಜಕ್ಕೂ ಸದ್ದಿಲ್ಲದೆ ಓಡಿತು. ಕಮಳಾಬಾಯಿ ಮಾತು ಶುರುಮಾಡಿದಳು, ಹಿಂದಿನವರು ಹೂಂಗುಟ್ಟಿದರು. ನರಸಿಂಗನ ಮುಖ ಮದುಮಗನ ಮುಖವಾಗಿತ್ತು.

ಬಂಗ್ಲಾದಲ್ಲಿ ತಿರುಗಿ ಕಲ್ಯಾಣದ ದಾರಿ ಹಿಡಿದ ಮೇಲೆ ಒಂದು ಏರಿನಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂತು. ನರಸಿಂಗ ನಿಲ್ಲಿಸಿದ. ಟ್ರ್ಯಾಕ್ಟರು ಸರಿಯಿತು, ಜೀಪು ಸರಿಯಲಿಲ್ಲ. ಎಷ್ಟು ಒತ್ತಿದರೂ ಗುಂಯ್ ಎಂದಿತೇ ಹೊರತು ಕದಲಲಿಲ್ಲ. ಟರ್ಬೊ ಎಚ್ಚರಾಗಬೇಕಾದರೆ ಇಂಜಿನ್ನು ಮೊದಲು ಜೋರಾಗಿ ತಿರುಗಬೇಕು. ಆದರೆ ಎಣ್ಣೆಯನ್ನು ಸುಲಭವಾಗಿ ಜಾರಗೊಡದ ಈ ಬಿಗಿ ಡಬ್ಬಿ ಅದನ್ನು ತಿರುಗಲು ಬಿಡುತ್ತಿಲ್ಲ, ಹಿಂದಿನ ಓಟದ ಗೇರಿಗೆ ಇಷ್ಟು ಭಾರ ಎತ್ತುವ ಶಕ್ತಿಯಿಲ್ಲ. ನಡುವೆ ಸಿಕ್ಕ ಎಣ್ಣೆ ಸುಮ್ಮನೆ ಬಿಸಿಯಾಗುತ್ತಿದೆ. ಕಮಟು ವಾಸನೆ ಮೂಗಿಗೆ ಹೊಡೆದಾಗ ನರಸಿಂಗ ತಲೆ ತಗ್ಗಿಸಿ, ಎಲ್ಲರೂ ಇಳಿಯಿರಿ ಎಂದ.

"ಅಣ್ಣಾ, ನಿನ್ನ ಟರ್ಬೊ ನಮ್ಮನ್ನ ನೋಡಿ ನಾಚಾಕತ್ತದೇನು?" ಎಂದಳು ಗಯಾಬಾಯಿ. ಹೆಂಗಸರು ನಗುತ್ತ ಏರು ಹತ್ತಿದರು. ಕಮಳಾಬಾಯಿಯೂ ಇಳಿದಳು. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಆಕೆ ಅವನ ಮುಖವನ್ನೊಮ್ಮೆ ನೋಡಿ, ಬಾಯಿ ಬಿಡದೆ ನಡೆದುಹೋದಳು. ಖಾಲಿಯಾದ ಜೀಪು ಒಂದೇ ಉಸಿರಿಗೆ ಏರು ಹತ್ತಿತು. ಇನ್ನು ಈ ಜನ್ಮದಲ್ಲಿ ಆಕೆ ಇದರಲ್ಲಿ ಕೂರುವುದಿಲ್ಲ ಎಂದು ನರಸಿಂಗ ಖಾತ್ರಿ ಮಾಡಿಕೊಂಡ.

ಕೂಸು ತೊಟ್ಟಿಲಲ್ಲಿ ಮಲಗಿತು, ಹೋಳಿಗೆ ಊಟವಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಅವನು ಒಬ್ಬನೇ ಹೊರಟ. ಮಿಕ್ಕವರೆಲ್ಲ ಅಲ್ಲೇ ಉಳಿದುಕೊಂಡರು. ಕೀಲಿ ತಿರುವುವಷ್ಟರಲ್ಲಿ ಪಕ್ಕದ ಬಾಗಿಲು ತೆರೆಯಿತು. ಕಮಳಾಬಾಯಿ ಹತ್ತಿ ಕೂತಳು.

ಅವನು ಗಾಡಿ ಬಿಟ್ಟ. ಹಗುರಾದ ಜೀಪು ಮೆತ್ತಗೆ ಓಡಿತು. ಆಕೆಯ ಮಾತೂ ಓಡಿತು. ಅವನ ಕಿವಿ ಮಾತ್ರ ಕೆಳಗಿತ್ತು. ಕಾದ ಎಣ್ಣೆ ಡಬ್ಬಿಯನ್ನು ಕೆಡಿಸಿತೇ? ಇದಕ್ಕಿಂತ ಸಡಿಲ ಡಬ್ಬಿ ಹಾಕಬೇಕೋ, ಹಳೆಯದಕ್ಕೂ ಹೊಸದಕ್ಕೂ ನಡುವಿನ ಗೇರು ಹುಡುಕಬೇಕೋ?

"ನಾ ಈಗ ಏನಂದೆ, ಹೇಳ್ರಿ?"

ನರಸಿಂಗ ತಡವರಿಸಿದ. "ಜ್ವಾಳದ ಸುದ್ದಿ..."

"ಜ್ವಾಳದ್ದು ಬಂಗ್ಲಾದಾಗೇ ಮುಗೀತು." ಕಮಳಾಬಾಯಿಗೆ ಸಿಟ್ಟಿರಲಿಲ್ಲ, ಅದೇ ಅವನನ್ನು ಹೆಚ್ಚು ಚುಚ್ಚಿತು. "ಇಷ್ಟ ದಿನ ನನ್ನ ಮಾತ ಕೇಳದ್ದಕ್ಕ ತಪ್ಪ ಗಾಡಿ ಆವಾಜಿನ ಮ್ಯಾಲ ಹಾಕಿದ್ರಿ. ಈಗ ಆವಾಜ ಇಲ್ಲ. ಈಗ ಯಾರ ಮ್ಯಾಲ ಹಾಕ್ತೀರಿ?"

ಅವನು ತೊಗರಿ ಹೊಲದ ಬದಿಗೆ ಜೀಪು ಸರಿಸಿ, ಕೀಲಿ ತಿರುವಿ ಇಂಜಿನ್ನು ಬಂದ್ ಮಾಡಿದ.

"ಮೊದಲಿಂದ ಹೇಳು," ಎಂದ.

ಕಮಳಾಬಾಯಿ ಅವನ ಕಡೆ ತಿರುಗಿ ಕೂತಳು. "ಪ್ರಣಿತಾ ತಿಂಗಳ ಇದ್ದು ಹೋಗವ್ವಾ ಅಂದ್ಳು. ನಾ ಒಲ್ಲೆ ಅಂದೆ. ಮುಂಜಾನೆ ಆ ಏರಿನ್ಯಾಗ ನಿಮ್ಮ ಮಾರಿ ಇಷ್ಟ ಸಣ್ಣದಾಗಿತ್ತು. ಹಂತಾ ಮಾರಿ ತಗೊಂಡು ನೀವು ಒಬ್ಬರೇ ಮನೀಗಿ ಹೋಗೋದು ನನಗ ನೋಡಾಕ ಆಗಲಿಲ್ಲ. ಅದಕ ಬಂದೇನಿ."

ಪಕ್ಕದಲ್ಲೇ ಲಾರಿಯೊಂದು ಗೇರು ಕಿರುಗುಟ್ಟಿಸುತ್ತ ಹಾದುಹೋಯಿತು. ನರಸಿಂಗ ಅತ್ತ ತಿರುಗಿ ನೋಡಲಿಲ್ಲ.

"ಅದಕ್ಕ ಪ್ರಣಿತಾ ಏನಂದ್ಳು?" ಎಂದು ಕೇಳಿದ.