ನಮ್ಮ ಮನೆಯ ಮೇಲೊಂದು ಕೇಸ್

ಹೋದ ವಾರ ನನ್ನ ತಂಗಿಯ ಮದುವೆ ಒಂದೇ ಒಂದು ಇಂಗ್ಲಿಷ್ ಶಬ್ದದಿಂದಾಗಿ ಮುರಿದುಬೀಳುವುದರಲ್ಲಿತ್ತು. ಯಾವ ಶಬ್ದ ಅಂತೀರಾ? ಕೇಸ್.

ಆದದ್ದಿಷ್ಟು. ಸದಾನಂದ ಎಂಬ ಉಡುಪಿ ಕಡೆಯ ಹುಡುಗ ಘಾಟ್ಕೋಪರಿನ ನಮ್ಮ ಚಾಳಿಗೆ ಬಂದ. ಸಮಾಜಶಾಸ್ತ್ರ ಓದುತ್ತಾನಂತೆ. (ಸ್ವಾತಂತ್ರ್ಯ ಬಂದ ಮೇಲೆ ಏನೇನೋ ಶಾಸ್ತ್ರಗಳೂ ಬಂದಿವೆ.) "ನಿಮ್ಮ ಕುಟುಂಬದ ಮೇಲೊಂದು ಕೇಸ್ ಸ್ಟಡಿ ಮಾಡಬೇಕಿತ್ತು ಮಾರಾಯ್ರೆ" ಎಂದ. ಊರು ಬಿಟ್ಟು ಮುಂಬಯಿಗೆ ಬಂದವರು ಹೇಗೆ ಬದುಕುತ್ತಾರೆಂದು ತಿಳಿಯಬೇಕಂತೆ. ಅದಕ್ಕೆ ಒಂದೇ ಮನೆಯನ್ನು ಆಳವಾಗಿ ಕೆದಕಿದರೆ ಸಾಕಂತೆ. ಆ ಒಂದು ಮನೆ ನನ್ನದೇ ಯಾಕಪ್ಪಾ? ಕೇಳಿದೆ. ಮೆಟ್ಟಿಲು ಹತ್ತಿದ ಕೂಡಲೇ ಸಿಕ್ಕಿದ್ದು ನಮ್ಮ ಖೋಲಿಯಂತೆ!

ಕೆದಕಿದ. ರೇಶನ್ ಅಕ್ಕಿ ಸಾಲುತ್ತದೆಯೇ, ನಲ್ಲಿಯ ಹತ್ತಿರ ಯಾರೊಡನೆ ಜಗಳ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ. ಕೊನೆಯ ಪ್ರಶ್ನೆಗೆ ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಉತ್ತರಿಸಿದಳು. (ಅದೇ ಉತ್ತರ ಅಲ್ಲವೇ?)

ಗೋಡೆಯಾಚೆಯ ಮರಾಠಿ ಕಾಕೂಗೆ 'ಕೇಸ್' ಕೇಳಿಸಿತು, 'ಸ್ಟಡಿ' ಕೇಳಿಸಲಿಲ್ಲ. ಅದೇ ದಿನ, ತಂಗಿ ಶಾಂತಾಳನ್ನು ನೋಡಿ ಒಪ್ಪಿದ್ದ ವರನ ತಂದೆ ನಮ್ಮ ಬಗ್ಗೆ ವಿಚಾರಿಸಲು ಚಾಳಿಗೆ ಬಂದಿದ್ದರು. ಇವರು ಶಿವಪ್ಪನವರು, ಬೆಳಗಾವಿ ಕಡೆಯವರು, ಗೋರೆಗಾಂವದಲ್ಲಿ ಬಟ್ಟೆ ಅಂಗಡಿ. ಕಾಕೂ ದನಿ ತಗ್ಗಿಸಿ "ತ್ಯಾಂಚ್ಯಾವರ್ ಕೇಸ್ ಚಾಲೂ ಆಹೇ" ಎಂದುಬಿಟ್ಟಳು. ಅಂದರೆ, ನಮ್ಮ ಮೇಲೆ ಕೇಸ್ ನಡೆದಿದೆ!

ಮರುದಿನವೇ ಹೇಳಿಕಳಿಸಿದರು, ಸಂಬಂಧ ಬೇಡ. ಅವ್ವ ಊಟ ಬಿಟ್ಟಳು. ಅಪ್ಪ ಇಲ್ಲದ ಮನೆ, ತಂಗಿಯ ಮದುವೆಯ ಹೊಣೆ ನನ್ನದು. ಸದಾನಂದನ ರಟ್ಟೆ ಹಿಡಿದು ಲೋಕಲ್ ಹತ್ತಿಸಿ, ದಾದರಿನಲ್ಲಿ ಗಾಡಿ ಬದಲಿಸಿ, ಗೋರೆಗಾಂವಕ್ಕೆ ಓಡಿದೆ.

"ಇದು ಕೋರ್ಟಿನ ಕೇಸಲ್ರೀ, ಸ್ಟಡಿ ಮಾಡೂ ಕೇಸು" ಎಂದೆ.

"ಸ್ಟಡಿ ಮಾಡೂವಷ್ಟು ದೊಡ್ಡ ಕೇಸೇನ್ರಿ?" ಎಂದರು ಶಿವಪ್ಪನವರು.

ಸದಾನಂದ ಬೆವರೊರೆಸಿಕೊಳ್ಳುತ್ತ ವಿವರಿಸಿದ. ಒಂದು ಮನೆಯನ್ನು ಸರಿಯಾಗಿ ತಿಳಿದುಕೊಂಡರೆ ನೂರು ಮನೆಗಳ ಬದುಕು ತಿಳಿಯುತ್ತದೆ, ಇದೊಂದು ಪದ್ಧತಿ. ಶಿವಪ್ಪನವರು ಹೊಟ್ಟೆ ಹಿಡಿದು ನಕ್ಕರು.

"ಒಂದ್ ಮನಿ ಕೇಳಿ ನೂರ್ ಮನಿ ಸುದ್ದಿ ಹೇಳ್ತೀರೇನು? ನಾವು ಒಂದ್ ಹುಡುಗೀ ಸುದ್ದಿಗೆ ನೂರ್ ಮನಿ ಕೇಳ್ತೀವೋ ತಮ್ಮಾ."

ಸುಳ್ಳಲ್ಲ. ಹಾಲಿನವನು, ಕಿರಾಣಿಯವನು, ಶಾಂತಾಗೆ ಕಲಿಸಿದ ಸಾಲಿ ಅಕ್ಕೋರು, ಯಾರನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮ. ಅಂತೂ ನಗುತ್ತಲೇ ಒಪ್ಪಿದರು. ಹೋದ ಜೀವ ಬಂತು.

ಯಾರ ಪದ್ಧತಿ ಮೇಲು? ಮನೆಗೆ ಬಂದು ನಾನೂ ಸದಾನಂದನೂ ಚಹಾ ಕುಡಿಯುತ್ತ ಭಾರೀ ಚರ್ಚೆ ನಡೆಸಿದೆವು. ಕಪ್ಪು ಬಸಿ ಎತ್ತಲು ಬಂದ ಶಾಂತಾ ಅಲ್ಲೇ ನಿಂತಳು.

"ಅಣ್ಣಾ, ಇವ್ರೂ ಎಲ್ಲಾರ್ನೂ ಕೇಳಿದ್ರು, ಅವ್ರೂ ಎಲ್ಲಾರ್ನೂ ಕೇಳಿದ್ರು. ಈ ಮದಿವಿ ನಿನಗ ಬೇಕೋ ಬ್ಯಾಡೋ ಅಂತ ನನ್ನ ಕೇಳೋರು ಯಾರು?"