ಬೆನ್ನ ಹಿಂದೆ ಕಟ್ಟಿದ ಕೈ

ಮೇಲಿನ ಮನೆಯ ವೈನಿ ನನ್ನ ಮುಂದೆ ನಿಲ್ಲುತ್ತಿದ್ದದ್ದೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಗಂಟಿದ ರೊಟ್ಟಿಯ ಹಿಟ್ಟನ್ನೂ ತೊಳೆಯದೆ ಇಳಿದು ಬರುತ್ತಿದ್ದರು. ನಾನು ಎಷ್ಟು ಅಂಗಲಾಚಿದರೂ ಆ ಕೈ ಮುಂದೆ ಬರುತ್ತಿರಲಿಲ್ಲ.

ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ. ನೆಂಟಸ್ತಿಕೆ ಇಲ್ಲದಿದ್ದರೂ ಇಲ್ಲಿ ಎಲ್ಲರಿಗೂ ಅವರು ವೈನಿ, ಅಂದರೆ ಅತ್ತಿಗೆ. ಅವರದು ಮೂರನೇ ಮಹಡಿ, ನಮ್ಮದು ಮೊದಲನೆಯದು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ರಾಡ್ ಹಾಕಿಸಿಕೊಂಡು ಬಂದ ಮೇಲೆ ನಾನು ಕುರ್ಚಿಗೇ ಅಂಟಿಹೋಗಿದ್ದೆ. ಮಗ, ಸೊಸೆ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋದರೆ ಸಂಜೆಯವರೆಗೆ ಎಬ್ಬಿಸುವವರಿಲ್ಲ. ಒಂದು ಲೋಟ ನೀರು ಕುಡಿಯಲೂ ಹೆದರಿಕೆ. ಕುಡಿದರೆ ಬಚ್ಚಲಿಗೆ ಹೋಗಬೇಕಲ್ಲ! ಆಸ್ಪತ್ರೆಯವರು ಬರೆದುಕೊಟ್ಟ ವ್ಯಾಯಾಮವನ್ನು ನಾಲ್ಕು ದಿನ ಮಾಡಿ, ಹಾಳೆಯನ್ನು ದೇವರ ಗೂಡಿನ ಹಿಂದೆ ಸೇರಿಸಿದ್ದೆ. ಎಪ್ಪತ್ತೆರಡನೇ ವಯಸ್ಸಿಗೆ ಇದೆಲ್ಲ ಯಾರಿಗೆ ಬೇಕು ಮಾರಾಯ್ರೆ.

ಆ ಹಾಳೆಯನ್ನು ವೈನಿ ಹುಡುಕಿ ತೆಗೆದರು. ದಿನಾ ಹನ್ನೊಂದು ಗಂಟೆಗೆ ಬಂದು, ಕೈ ಕೊಡದೆಯೇ ಕುರ್ಚಿಯಿಂದ ಹತ್ತು ಸಲ ಏಳಿಸಿ ಕೂರಿಸುತ್ತಿದ್ದರು. ಆಮೇಲೆ ಅಡುಗೆ ಕಟ್ಟೆ ಹಿಡಿದು, ಕುಕ್ಕರ್ ಒಂದು ಸೀಟಿ ಹೊಡೆಯುವವರೆಗೆ ಹಿಮ್ಮಡಿ ಎತ್ತಿ ಇಳಿಸಬೇಕು. ಮುಗಿದ ಮೇಲೆ ಅವರೂ ಉಸ್ಸೆಂದು ಕೂರುತ್ತಿದ್ದರು. ಅವರಿಗೇನು ಹರೆಯವೇ? ಇಬ್ಬರೂ ದಣಿದವರೇ.

ಒಂದು ದಿನ ಅರ್ಧ ಎದ್ದಾಗ ತೊಡೆ ನಡುಗಿ ಮತ್ತೆ ಕುರ್ಚಿಗೆ ಕುಸಿದೆ. ಸಿಟ್ಟು ನೆತ್ತಿಗೇರಿತು. "ನಿಮಗೆ ಕರುಣೆ ಅಂತ ಉಂಟಾ ವೈನಿ? ಒಂದು ಕೈ ಕೊಟ್ಟರೆ ನಿಮ್ಮ ಗಂಟೇನು ಹೋಗ್ತದೆ?" ಎಂದುಬಿಟ್ಟೆ.

ಅವರು ಬೆನ್ನ ಹಿಂದಿನ ಕೈ ಬಿಚ್ಚಲಿಲ್ಲ. ಮೆಲ್ಲಗೆ, "ನಮ್ಮ ಮನಿಯವ್ರು ಬಿದ್ದಾಗ ನಾ ದಿನಾ ಕೈ ಕೊಟ್ಟೇ ಎಬ್ಬಸ್ತಿದ್ದೆರಿ ಅಕ್ಕಾರ. ಎರಡು ವರ್ಷ. ಅವರ ಕಾಲಾಗಿನ ಕಸುವೆಲ್ಲಾ ನನ್ನ ಕೈನೇ ಕಳದು ಹಾಕ್ತು. ಆಮ್ಯಾಲೆ ಅವರು ಏಳಲೇ ಇಲ್ಲ" ಎಂದರು.

ನನ್ನ ಸಿಟ್ಟು ಇಳಿಯಿತು, ದಣಿವು ಇಳಿಯಲಿಲ್ಲ. ಆದರೂ ಎದ್ದೆ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಾನೇ ಎದ್ದು ಹೋಗಿ ನೀರು ಬಗ್ಗಿಸಿ ಹೊಟ್ಟೆ ತುಂಬ ಕುಡಿದೆ. ಮರುದಿನ ಹೇಳಿದರೆ ವೈನಿ ಹೊಗಳಲೂ ಇಲ್ಲ. ನಾಳೆಯಿಂದ ಹನ್ನೆರಡು ಸಲ ಎಂದರು, ಅಷ್ಟೇ.

ಕಳೆದ ತಿಂಗಳು ಅವರು ನಿದ್ದೆಯಲ್ಲೇ ಹೋದರು. ಕಂಬಿ ಹಿಡಿದು, ತಿರುವಿಗೊಮ್ಮೆ ನಿಂತು, ಎರಡು ಮಹಡಿ ಹತ್ತಿದೆ. ಅವರ ಕೈಗಳು ಈಗ ಎದೆಯ ಮೇಲಿದ್ದವು. ನೆಲದ ಮೇಲೆ ಕೂತು ಅವನ್ನು ಹಿಡಿದುಕೊಂಡೆ. ಅಷ್ಟು ದಿನಗಳಲ್ಲಿ ಹಿಡಿದದ್ದು ಅದೇ ಮೊದಲು. ಅಳು ತಡೆಯಲಾಗಲಿಲ್ಲ.

ಏಳುವಾಗ ಅವರ ಮಗಳು ಓಡಿಬಂದು ಕೈ ಚಾಚಿದಳು. ಬೇಡ ಮಗಾ ಎಂದೆ. ಮೊಣಕಾಲಿಗೆ ಅಂಗೈ ಊರಿ, ನಿಧಾನಕ್ಕೆ ನಾನೇ ಎದ್ದು ನಿಂತೆ.